ಮುಷ್ಕರದ ದಿನದ ಸಂಬಳ: ಕೊಟ್ಟವನಿಗೂ ದಂಡ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಕೈ ಕೆಸರಾಗದಿದ್ದರೆ ಮೊಸರೂ ಇಲ್ಲ ಎಂಬುದು ಅದರ ಇನ್ನೊಂದು ಮುಖ. ಆದ್ದರಿಂದ ಕೆಲಸ ಮಾಡದವನಿಗೆ ಮಾಲೀಕನು ಸಂಬಳ ಕೊಡಬೇಕಾಗಿಲ್ಲ ಎಂದು ಕಾನೂನು ಹೇಳಿದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಆದರೆ ಮೊಸರಿನ ಗಡಿಗೆಯ ಯಜಮಾನನೇ "ಹೋಗಲಿ ಬಿಡು, ಇವತ್ತು ಹಾಗೆಯೇ ಉಣ್ಣು" ಎಂದು ಬಡಿಸಹೊರಟಾಗ, ಸರ್ಕಾರವು ನಡುವೆ ಬಂದು "ಬಡಿಸಿದರೆ ನಿನಗೇ ದಂಡ" ಎನ್ನುವುದುಂಟೆ? ಉಂಟು. ಆಸ್ಟ್ರೇಲಿಯ ದೇಶದಲ್ಲಿ 1996ರಿಂದ ಅಂಥ ಕಾನೂನು ಇದೆ. ನಮ್ಮ ದೇಶದಲ್ಲಿಯೂ ಅದಕ್ಕೆ ದೂರದ ನಂಟಿನ ಒಂದು ಕಲಮು 1929ರಿಂದ ಇದೆ. ಅದು ಹುಟ್ಟಿದ ಕಥೆ ಬಹಳ ಮಂದಿಗೆ ತಿಳಿದಂತಿಲ್ಲ.

ಈ ಲೇಖಕ ರಸಾಯನಶಾಸ್ತ್ರದವನೇ ಹೊರತು ವಕೀಲನಲ್ಲ. ಆದರೂ ಗುಂಪಿನಲ್ಲಿ ದುಡಿದು ತಿಂಗಳ ಸಂಬಳದ ಮೇಲೆ ಸಂಸಾರ ನಡೆಸುವ ನಮ್ಮಂಥವರಿಗೆ ಈ ವಿಷಯ ತಿಳಿದಿರುವುದು ಒಳ್ಳೆಯದೆಂದು ಈ ಬರಹ. ಓದುಗರು ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಮುಷ್ಕರದ ದಿನದ ಸಂಬಳದ ವಿಷಯದಲ್ಲಿ ಕಾನೂನು ಮಾಲೀಕನಿಗೆ "ಕೊಡಬೇಕಾಗಿಲ್ಲ" ಎನ್ನಬಹುದು, "ಬೇಕಾದರೆ ಕೊಡು" ಎನ್ನಬಹುದು, "ಕೊಡಕೂಡದು" ಎನ್ನಬಹುದು. ಇಡೀ ಇತಿಹಾಸ ಈ ಮೂರು ಮಾತುಗಳ ನಡುವಿನ ಓಡಾಟ.

ಹಣದ ಕಲಮು ಹುಟ್ಟಿದ ಬಗೆ

1926ನೆಯ ಇಸವಿಯಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಮಾಲೀಕರು ಕೂಲಿ ಇಳಿಸಿ ದುಡಿಮೆಯ ಹೊತ್ತನ್ನು ಹೆಚ್ಚಿಸಲು ಹೊರಟರು. ಗಣಿಯವರ ಬೆಂಬಲಕ್ಕೆ ರೈಲು, ಬಂದರು, ಮುದ್ರಣ ಮೊದಲಾದ ಕಸುಬಿನವರೂ ಕೆಲಸ ನಿಲ್ಲಿಸಿದರು. ಮೇ ತಿಂಗಳಲ್ಲಿ ಒಂಬತ್ತು ದಿನ ನಡೆದ ಇದೇ ಪ್ರಸಿದ್ಧವಾದ ಸಾರ್ವತ್ರಿಕ ಮುಷ್ಕರ. ಉಳಿದವರು ಕೆಲಸಕ್ಕೆ ಮರಳಿದ ಮೇಲೂ ಗಣಿಯವರು ತಿಂಗಳುಗಟ್ಟಲೆ ಹಠ ಹಿಡಿದು ಕುಳಿತರು. ಅವರ ಒಲೆ ಉರಿಯಲು ಹಣ ಬಂದದ್ದು ಬೇರೆ ಸಂಘಗಳಿಂದ. ಅದರಲ್ಲಿ ದೊಡ್ಡ ಪಾಲು ಸೋವಿಯತ್ ರಷ್ಯದ ಕಾರ್ಮಿಕ ಸಂಘಗಳದು. ಬ್ರಿಟಿಷ್ ಸರ್ಕಾರಕ್ಕೆ ಇದು ಕಣ್ಣು ಕಿಸುರಾಯಿತು. ಮುಂದಿನ ವರ್ಷವೇ, 1927ರಲ್ಲಿ, ಹೊಸ ಕಾಯಿದೆ ಬಂತು. ಸರ್ಕಾರವನ್ನು ಮಣಿಸುವ ಉದ್ದೇಶದ ಮುಷ್ಕರ ಕಾನೂನುಬಾಹಿರ, ಅಂಥ ಮುಷ್ಕರದ ಬೆಂಬಲಕ್ಕೆ ಹಣ ಹಾಕುವುದೂ ಕಾನೂನುಬಾಹಿರ ಎಂದು ಅದು ಸಾರಿತು. ಮುಷ್ಕರವನ್ನು ಕಟ್ಟಲು ಬೇಡಿಗಿಂತ ಥೈಲಿಯ ದಾರವೇ ಮೇಲು ಎಂಬುದು ಆಳುವವರಿಗೆ ಹೊಳೆದ ಗಳಿಗೆ ಅದು.

ಅದೇ ಹೊತ್ತಿಗೆ ನಮ್ಮಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳು 1928ರಲ್ಲಿ ಸುಮಾರು ಆರು ತಿಂಗಳು ನಿಂತುಹೋದವು. 1929ರ ಮಾರ್ಚಿಯಲ್ಲಿ ಕಾರ್ಮಿಕ ನಾಯಕರನ್ನು ಹಿಡಿದು ಮೀರತ್ ಮೊಕದ್ದಮೆ ಹೂಡಿದರು, ಮಂಗಳೂರಿನವರಾದ ಎಸ್.ವಿ. ಘಾಟೆಯವರೂ ಆ ಮೊಕದ್ದಮೆಯ ಆಪಾದಿತರಲ್ಲಿ ಒಬ್ಬರು. ಅದರ ಬೆನ್ನಿಗೇ ದೆಹಲಿಯ ಕೇಂದ್ರ ಶಾಸನಸಭೆಯ ಮುಂದೆ ಕಾರ್ಮಿಕ ವಿವಾದ ಮಸೂದೆ ಬಂತು. 1929ರ ಏಪ್ರಿಲ್ 8ರಂದು ಈ ಮಸೂದೆಗೆ ಸಭೆಯ ಒಪ್ಪಿಗೆ ಬಿದ್ದ ಮೇಲೆ, ಅಧ್ಯಕ್ಷರಾದ ವಿಠಲಭಾಯಿ ಪಟೇಲರು ಇನ್ನೊಂದು ಮಸೂದೆಯ ವಿಷಯವಾಗಿ ತಮ್ಮ ತೀರ್ಮಾನ ಹೇಳಲು ಎದ್ದಾಗ, ಪ್ರೇಕ್ಷಕರ ಸಾಲಿನಿಂದ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು ಬಾಂಬು ಎಸೆದರು. ಆ ಬಾಂಬಿನ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ದಿನ ಮತಕ್ಕೆ ಬಿದ್ದ ಕಾಯಿದೆಯಲ್ಲಿ ಏನಿತ್ತು ಎಂಬುದನ್ನು ಪಾಠದ ಪುಸ್ತಕ ಹೇಳಲಿಲ್ಲ. ಅದರ 16ನೆಯ ಕಲಮಿನಲ್ಲಿ, ಬ್ರಿಟನ್ನಿನ 1927ರ ಕಾಯಿದೆಯ ಅಚ್ಚಿನಲ್ಲೇ ಎರಕ ಹೊಯ್ದಂತೆ, ಅಕ್ರಮ ಮುಷ್ಕರಕ್ಕೆ ನೇರವಾಗಿ ಹಣ ಒದಗಿಸುವುದು ಕಾನೂನುಬಾಹಿರ ಎಂಬ ಮಾತಿತ್ತು.

ಮುಂದಿನದು ಇನ್ನೂ ಸ್ವಾರಸ್ಯದ ಸಂಗತಿ. ಬ್ರಿಟನ್ನಿನಲ್ಲಿ ಲೇಬರ್ ಪಕ್ಷದ ಸರ್ಕಾರ ಬಂದು 1946ರಲ್ಲಿ ಆ 1927ರ ಕಾಯಿದೆಯನ್ನು ರದ್ದು ಮಾಡಿತು. ತಾಯಿ ಬೇರು ಹೋಯಿತು. ಕಸಿ ಮಾಡಿದ ಕೊಂಬೆ ಮಾತ್ರ ನಮ್ಮಲ್ಲಿ ಉಳಿಯಿತು. 1947ರ ಕೈಗಾರಿಕಾ ವಿವಾದ ಕಾಯಿದೆಯ 25ನೆಯ ಕಲಮು, ಅಕ್ರಮ ಮುಷ್ಕರದ ಅಥವಾ ಅಕ್ರಮ ಬೀಗಮುದ್ರೆಯ ನೇರ ಬೆಂಬಲಕ್ಕೆ ತಿಳಿದೂ ತಿಳಿದು ಯಾವ ವ್ಯಕ್ತಿಯೂ ಹಣ ವ್ಯಯಿಸಕೂಡದು ಎಂದಿತು. ಮೀರಿದವನಿಗೆ 28ನೆಯ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೋಲಿಸಿ ನೋಡಿ: ಅಕ್ರಮವಾಗಿ ಮುಷ್ಕರ ಹೂಡಿದ ಕಾರ್ಮಿಕನಿಗೇ ಆ ಕಾಯಿದೆ ವಿಧಿಸಿದ್ದು ಒಂದು ತಿಂಗಳವರೆಗೆ ಸಜೆ, ಐವತ್ತು ರೂಪಾಯಿವರೆಗೆ ದಂಡ. ಹಸಿದವನಿಗಿಂತ ಅನ್ನ ಹಾಕಿದವನ ತಪ್ಪು ದೊಡ್ಡದಾಯಿತು.

"ಯಾವ ವ್ಯಕ್ತಿಯೂ" ಎಂಬ ಮಾತಿನಲ್ಲಿ ಮಾಲೀಕನೂ ಸೇರುತ್ತಾನೆಯೇ? ಅಕ್ಷರಗಳನ್ನು ನೋಡಿದರೆ ಅವನನ್ನು ಹೊರಗಿಟ್ಟಿಲ್ಲ. ಆದರೆ "ನೇರ ಬೆಂಬಲ" ಎಂಬ ಮಾತು ಅಡ್ಡ ಬರುತ್ತದೆ. ಜಗಳ ಮುಗಿದ ಮೇಲೆ ರಾಜಿಯ ಅಂಗವಾಗಿ ಕೊಟ್ಟ ಹಣ ಮುಗಿದುಹೋದ ಮುಷ್ಕರಕ್ಕೆ ಬೆಂಬಲ ಹೇಗಾದೀತು? ನಮ್ಮ ಕಲಮು ಗುರಿಯಿಟ್ಟದ್ದು ಹೊರಗಿನ ಪೋಷಕನ ಮೇಲೆ. ಮಾಲೀಕನ ಔದಾರ್ಯದ ಮೇಲೆ ಅಲ್ಲ ಎಂದು ನನ್ನ ಓದು.

ಕೊಡಬೇಕಾಗಿಲ್ಲ, ಆದರೆ ಕೊಡಬಹುದು

ಮಾಲೀಕನ ಮಟ್ಟಿಗೆ ನಮ್ಮ ಕಾನೂನು ಹಿಡಿದದ್ದು ಬೇರೆ ದಾರಿ. 1936ರ ವೇತನ ಪಾವತಿ ಕಾಯಿದೆಯ 9ನೆಯ ಕಲಮು ಗೈರುಹಾಜರಿಯ ಹೊತ್ತಿಗೆ ತಕ್ಕಷ್ಟು ಸಂಬಳ ಮುರಿದುಕೊಳ್ಳಲು ಅನುಮತಿ ಕೊಟ್ಟಿತು. ಅದರಲ್ಲೇ ಒಂದು ಖಾರದ ಮಾತೂ ಇತ್ತು. ಹತ್ತು ಅಥವಾ ಹೆಚ್ಚು ಮಂದಿ ಒಟ್ಟಾಗಿ ಮಾತಾಡಿಕೊಂಡು, ಸಕಾರಣವಿಲ್ಲದೆ ಮತ್ತು ಕರಾರಿನ ಪ್ರಕಾರ ಕೊಡಬೇಕಾದ ಮುನ್ಸೂಚನೆಯಿಲ್ಲದೆ ಗೈರುಹಾಜರಾದರೆ, ಎಂಟು ದಿನಗಳವರೆಗಿನ ಸಂಬಳವನ್ನು ಮುರಿಯಬಹುದು. 2019ರ ವೇತನ ಸಂಹಿತೆಯಲ್ಲೂ ಈ ಎಂಟು ದಿನದ ಲೆಕ್ಕ ಹಾಗೆಯೇ ಉಳಿದುಕೊಂಡಿದೆ. ಗಮನಿಸಬೇಕಾದದ್ದು "ಮುರಿಯಬಹುದು" ಎಂಬ ಕ್ರಿಯಾಪದ. ಮುರಿಯಲೇಬೇಕು ಎಂದಿಲ್ಲ.

ಈ "ಬಹುದು" ಎಂಬ ಸಣ್ಣ ಪದದ ಮೇಲೆ ನಮ್ಮ ದೇಶದ ಎಷ್ಟೋ ರಾಜಿಗಳು ನಿಂತಿವೆ. ಮುಷ್ಕರ ಮುಗಿಯುವ ರಾತ್ರಿ ಕೊನೆಯದಾಗಿ ಉಳಿಯುವ ಪ್ರಶ್ನೆ ಆ ದಿನಗಳ ಸಂಬಳದ್ದು. ಸಂಘದವರು ಕೇಳದೆ ಬಿಡರು. ಆಡಳಿತದವರು ಬಾಯಿಬಿಟ್ಟು ಒಪ್ಪರು. ಆಗ ಯಾರಾದರೂ ಹಿರಿಯರು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ: ಮುಷ್ಕರದ ದಿನಗಳನ್ನು ಸಲ್ಲತಕ್ಕ ರಜೆಗೆ ವಜಾ ಹಾಕಿಕೊಳ್ಳುವುದು, ಭಾನುವಾರ ದುಡಿದು ತೀರಿಸುವುದು, ಮುಂಗಡವೆಂದು ಕೊಟ್ಟು ಕಂತಿನಲ್ಲಿ ಹಿಡಿಯುವುದು. ಹಾವೂ ಸಾಯದು, ಕೋಲೂ ಮುರಿಯದು. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಇದು ಬಫರ್ ದ್ರಾವಣದ ಹಾಗೆ. ಸ್ವಲ್ಪ ಆಮ್ಲ ಬಿದ್ದರೂ, ಸ್ವಲ್ಪ ಕ್ಷಾರ ಬಿದ್ದರೂ ಒಳಗೇ ಹೀರಿಕೊಂಡು ಬಣ್ಣ ಬದಲಾಗದಂತೆ ನೋಡಿಕೊಳ್ಳುತ್ತದೆ.

ರಾಜಿಯಾಗದೆ ನ್ಯಾಯಾಲಯಕ್ಕೆ ಹೋದಾಗ ಏನಾಯಿತು? ಕ್ರಾಂಪ್ಟನ್ ಗ್ರೀವ್ಸ್ ಕಂಪನಿಯ ಕಲ್ಕತ್ತ ಶಾಖೆಯಲ್ಲಿ ಮಾತುಕತೆ ನಡೆಯುತ್ತಿರುವಾಗಲೇ ಕಾರ್ಮಿಕರನ್ನು ಕಡಿತಗೊಳಿಸಿದ್ದರಿಂದ 1968ರ ಜನವರಿಯಲ್ಲಿ ಮುಷ್ಕರವಾಯಿತು. 1978ರಲ್ಲಿ ಸುಪ್ರೀಂ ಕೋರ್ಟು, ಮುಷ್ಕರ ಕಾನೂನುಬದ್ಧವೂ ನ್ಯಾಯಸಮ್ಮತವೂ ಆಗಿದ್ದರೆ ಆ ಅವಧಿಯ ಸಂಬಳ ಸಿಗಬಹುದು ಎಂದಿತು. ಕಾರ್ಮಿಕರಿಗೆ ಇದು ಬೆಳಕಿನ ಕಿಂಡಿ. ಆದರೆ 1990ರಲ್ಲಿ ಬ್ಯಾಂಕ್ ಆಫ್ ಇಂಡಿಯಾ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯದ ದನಿ ಬದಲಾಯಿತು. 1977ರ ಡಿಸೆಂಬರಿನಲ್ಲಿ ನೌಕರರು ನಾಲ್ಕು ಗಂಟೆ ಕೆಲಸ ನಿಲ್ಲಿಸಿ, ಉಳಿದ ಹೊತ್ತು ದುಡಿಯಲು ಬಂದಿದ್ದರು. ಬ್ಯಾಂಕು ಇಡೀ ದಿನದ ಸಂಬಳ ಮುರಿಯಿತು. ಸುಪ್ರೀಂ ಕೋರ್ಟು ಬ್ಯಾಂಕಿನ ಹಕ್ಕನ್ನು ಎತ್ತಿಹಿಡಿಯಿತು.

ಎರಡು ತೀರ್ಪುಗಳ ನಡುವಿನ ಗೊಂದಲ ಬಗೆಹರಿಸಿದ ಮೊಕದ್ದಮೆಯಲ್ಲಿ ನಮ್ಮ ಕರಾವಳಿಯ ಹೆಸರಿದೆ. ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು, ನೇಕಾರರಿಗೆ ನೆರವಾಗಲೆಂದು ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈಗಳು ಕಟ್ಟಿದ್ದು, ಮನೆಮನೆಗೆ ಹೋಗಿ ಆಣೆಗಳನ್ನು ಕೂಡಿಸಿದ ಅದರ ಪಿಗ್ಮಿ ಠೇವಣಿಯನ್ನು ಬಲ್ಲವರು ನಮ್ಮಲ್ಲಿ ಅನೇಕರು. 1969ರಲ್ಲಿ ಅದು ರಾಷ್ಟ್ರೀಕರಣವಾಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಸಿಂಡಿಕೇಟ್ ಬ್ಯಾಂಕ್ ಮತ್ತು ಉಮೇಶ ನಾಯಕ್ ಮೊಕದ್ದಮೆಯಲ್ಲಿ 1994ರ ಸೆಪ್ಟೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ತೀರ್ಪಿನ ಸಾರ ಇಷ್ಟು. ಸಂಬಳ ಸಿಗಬೇಕಾದರೆ ಮುಷ್ಕರ ಕಾನೂನುಬದ್ಧವೂ ಇರಬೇಕು, ನ್ಯಾಯಸಮ್ಮತವೂ ಇರಬೇಕು. ಕಾರಣ ಎಷ್ಟೇ ನ್ಯಾಯವಾದುದಾದರೂ ಮುಷ್ಕರ ಅಕ್ರಮವಾಗಿದ್ದರೆ ಸಂಬಳವಿಲ್ಲ. ಎರಡು ಬೀಗ, ಎರಡು ಕೀಲಿ. ಒಂದೇ ತೆರೆದರೆ ಬಾಗಿಲು ತೆರೆಯದು.

ಇಲ್ಲಿಯೂ ತೀರ್ಮಾನವಾದದ್ದು ಕಾರ್ಮಿಕ ಕೇಳಬಹುದೇ ಎಂಬುದು. ಮಾಲೀಕ ತಾನಾಗಿ ಕೊಟ್ಟರೆ ಅವನು ಅಪರಾಧಿ ಎಂದು ನ್ಯಾಯಾಲಯ ಹೇಳಲಿಲ್ಲ.

ಬೆಂಗಳೂರಿನ ಎಪ್ಪತ್ತೇಳು ದಿನ

ಕರ್ನಾಟಕದಲ್ಲಿ ಈ ಪ್ರಶ್ನೆ ಮನೆಮನೆಯ ಪ್ರಶ್ನೆಯಾದದ್ದು 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚಿಯವರೆಗೆ. ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಎಂಬ ಐದು ಸರ್ಕಾರಿ ಉದ್ದಿಮೆಗಳ ಸುಮಾರು ಒಂದೂಕಾಲು ಲಕ್ಷ ಮಂದಿ, ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಮನಾದ ವೇತನ ಬೇಕೆಂದು ಎಪ್ಪತ್ತೇಳು ದಿನ ಕೆಲಸ ನಿಲ್ಲಿಸಿದರು. ಬೆಳಗಿನ ಸೈರನ್ನಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಊರು ಅದು. ಸಂಬಳ ಬಾರದ ಎರಡೂವರೆ ತಿಂಗಳೆಂದರೆ ಬಾಡಿಗೆ, ಶಾಲೆಯ ಫೀಜು, ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ಮೂರೂ ಒಟ್ಟಿಗೆ ಬಾಗಿಲು ತಟ್ಟುವುದು ಎಂದರ್ಥ. ಕೊನೆಗೆ ಬೇಡಿಕೆ ಈಡೇರದೆಯೇ ಅವರು ಕೆಲಸಕ್ಕೆ ಮರಳಿದರು.

ಖಾಸಗಿ ಮಾಲೀಕನಾಗಿದ್ದರೆ "ನನ್ನ ಹಣ, ನಾನು ಕೊಡುತ್ತೇನೆ" ಎನ್ನಬಹುದಿತ್ತು. ಸರ್ಕಾರಿ ಉದ್ದಿಮೆಯ ವ್ಯವಸ್ಥಾಪಕನಿಗೆ ಆ ಮಾತು ಆಡುವಂತಿಲ್ಲ. ಹಣ ಅವನದಲ್ಲ, ದೆಹಲಿಯ ಕಡೆ ನೋಡಬೇಕು. ಹಾಗಾಗಿ ಪುಸ್ತಕದಲ್ಲಿ "ಕೊಡಬಹುದು" ಎಂದಿದ್ದ ಕಾನೂನು ಸರ್ಕಾರಿ ವಲಯದಲ್ಲಿ ಬಹುಮಟ್ಟಿಗೆ "ಕೊಡಕೂಡದು" ಎಂದೇ ನಡೆಯಿತು.

ಅದೇ ವರ್ಷ, 1981ರಲ್ಲಿ, ಕೇಂದ್ರ ಸರ್ಕಾರ ಅಗತ್ಯ ಸೇವೆಗಳ ಕಾಯಿದೆಯನ್ನು ತಂದಿತು. ನಮ್ಮ ಜನ ಎಸ್ಮಾ ಎಂದು ಕರೆಯುವುದು ಇದನ್ನೇ. ನಿಷೇಧಿತ ಮುಷ್ಕರಕ್ಕೆ ಹಣ ಸಹಾಯ ಮಾಡಿದವನ ಶಿಕ್ಷೆ 1947ರ ಕಾಯಿದೆಗಿಂತ ಇಮ್ಮಡಿಯಾಯಿತು: ಒಂದು ವರ್ಷದವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ. ಆ ಕಾಯಿದೆಯ ಅವಧಿ ಮುಗಿದುಹೋದರೂ ಕರ್ನಾಟಕವು ಅದೇ ಹೆಸರಿನ ತನ್ನದೇ ಕಾಯಿದೆಗಳನ್ನು ಮಾಡಿಕೊಂಡಿದೆ. 2021ರ ಏಪ್ರಿಲ್‌ನಲ್ಲಿ ನಮ್ಮ ಸಾರಿಗೆ ನಿಗಮಗಳ ನೌಕರರು ಆರನೆಯ ವೇತನ ಆಯೋಗದ ಸಂಬಳ ಬೇಕೆಂದು ಎರಡು ವಾರ ಬಸ್ಸು ನಿಲ್ಲಿಸಿದಾಗ, ದುಡಿಮೆಯಿಲ್ಲದಿದ್ದರೆ ಸಂಬಳವಿಲ್ಲ ಎಂಬ ಹಳೆಯ ಮಾತೇ ಮತ್ತೆ ಕೇಳಿಬಂತು.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ 1947ರ ಕಾಯಿದೆಯ ಜಾಗದಲ್ಲಿ ಕುಳಿತಿದೆ. ಯಾವ ಉದ್ದಿಮೆಯಲ್ಲೂ ಹದಿನಾಲ್ಕು ದಿನದ ಮುನ್ಸೂಚನೆಯಿಲ್ಲದೆ ಮುಷ್ಕರ ಹೂಡುವಂತಿಲ್ಲ. ಅರ್ಧ ಅಥವಾ ಹೆಚ್ಚು ಮಂದಿ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಹಣ ಸಹಾಯದ ಕಲಮು ಅದರಲ್ಲೂ ಇದೆ. ದಂಡ ಹತ್ತು ಸಾವಿರದಿಂದ ಐವತ್ತು ಸಾವಿರ ರೂಪಾಯಿ, ಅಥವಾ ಒಂದು ತಿಂಗಳವರೆಗೆ ಸಜೆ, ಅಥವಾ ಎರಡೂ. 1926ರ ಗಣಿ ಕಾರ್ಮಿಕರ ಮೇಲಿನ ಸಿಟ್ಟು ನೂರು ವರ್ಷ ಬಾಳಿದೆ.

ಕೊಡಕೂಡದು: ಆಸ್ಟ್ರೇಲಿಯದ ದಾರಿ

ಇನ್ನು ಮೂರನೆಯ ಮಾತಿಗೆ ಬರೋಣ. ಆಸ್ಟ್ರೇಲಿಯದಲ್ಲಿ ಕಟ್ಟಡ, ಬಂದರು ಮೊದಲಾದ ಕಡೆ ಮುಷ್ಕರ ಮುಗಿದ ಮೇಲೆ ಆ ದಿನಗಳ ಸಂಬಳವನ್ನೂ ಕೊಟ್ಟು ಕೈ ತೊಳೆದುಕೊಳ್ಳುವ ರೂಢಿಯಿತ್ತು. ಕಾಂಕ್ರೀಟು ಹಾಕುವ ದಿನ ಕೆಲಸ ನಿಂತರೆ ಗುತ್ತಿಗೆದಾರನಿಗೆ ಆಗುವ ನಷ್ಟದ ಮುಂದೆ ಎರಡು ದಿನದ ಕೂಲಿ ಯಾವ ಲೆಕ್ಕ? ಅವನು ಕೊಟ್ಟುಬಿಡುತ್ತಿದ್ದ. ಜಾನ್ ಹೊವರ್ಡ್ ಅವರ ಸರ್ಕಾರದ ವಾದ ಹೀಗಿತ್ತು: ಮುಷ್ಕರದ ಖರ್ಚನ್ನು ಮಾಲೀಕನೇ ಹೊತ್ತರೆ ಕಾರ್ಮಿಕನಿಗೆ ಮುಷ್ಕರದಲ್ಲಿ ನಷ್ಟವೇ ಇಲ್ಲ, ಒಬ್ಬ ಮಾಲೀಕ ಕೊಟ್ಟರೆ ಪಕ್ಕದವನೂ ಕೊಡಬೇಕಾಗುತ್ತದೆ, ಆದ್ದರಿಂದ ಕೊಡುವ ಸ್ವಾತಂತ್ರ್ಯವನ್ನೇ ತೆಗೆಯಬೇಕು. 1996ರ ಕಾಯಿದೆ ಹಾಗೆಯೇ ಮಾಡಿತು. ಕೊಡುವುದೂ ತಪ್ಪು, ಕೇಳುವುದೂ ತಪ್ಪು. 2005ರ ತಿದ್ದುಪಡಿಗಳಲ್ಲಿ ಇನ್ನೊಂದು ತಿರುವು ಸೇರಿತು: ಎಷ್ಟೇ ಕಡಿಮೆ ಹೊತ್ತು ಕೆಲಸ ನಿಲ್ಲಿಸಿದರೂ ಕನಿಷ್ಠ ನಾಲ್ಕು ಗಂಟೆಯ ಸಂಬಳ ಮುರಿಯಲೇಬೇಕು.

ಲೇಬರ್ ಪಕ್ಷ ಅಧಿಕಾರಕ್ಕೆ ಬಂದಾಗ ಈ ನಿಯಮ ಹೋದೀತೆಂದು ಅನೇಕರು ಎಣಿಸಿರಬಹುದು. ಹೋಗಲಿಲ್ಲ. 2009ರ ಫೇರ್ ವರ್ಕ್ ಕಾಯಿದೆಯ 470ನೆಯ ಕಲಮು, ವಿಧಿಬದ್ಧವಾಗಿ ನಡೆಸಿದ ಮುಷ್ಕರವಾದರೂ ನಿಂತಷ್ಟು ಹೊತ್ತಿನ ಸಂಬಳ ಕೊಡಕೂಡದು ಎನ್ನುತ್ತದೆ. ವಿಧಿಬಾಹಿರವಾದುದಕ್ಕೆ ನಾಲ್ಕು ಗಂಟೆಯ ನಿಯಮ ಉಳಿಯಿತು. ಜೀವಕ್ಕೋ ಆರೋಗ್ಯಕ್ಕೋ ಸನ್ನಿಹಿತ ಅಪಾಯವಿದೆಯೆಂದು ಸಕಾರಣವಾಗಿ ಹೆದರಿ ಕೆಲಸ ನಿಲ್ಲಿಸಿದರೆ ಮಾತ್ರ ಅದು ಮುಷ್ಕರವೆನಿಸದು. ಮೀರಿದ ಮಾಲೀಕ ಒಬ್ಬ ವ್ಯಕ್ತಿಯಾಗಿದ್ದರೆ ಮೊದಲಲ್ಲಿ 6,600 ಡಾಲರ್‌ವರೆಗೆ, ಕಂಪನಿಯಾಗಿದ್ದರೆ 33,000 ಡಾಲರ್‌ವರೆಗೆ ದಂಡವಿತ್ತು. ಮುಂದೆ ಮೊತ್ತ ಏರುತ್ತ ಬಂದಿದೆ.

ಈ ಕಲಮು ಎಲ್ಲಿಯವರೆಗೆ ಎಳೆಯಿತು ಎಂಬುದಕ್ಕೆ ಒಂದು ಉದಾಹರಣೆ, ಅದೂ ನಮ್ಮ ಓದುಗರಲ್ಲಿ ಹಲವರ ಕಸುಬಾದ ದ್ರವೀಕೃತ ಅನಿಲದ ಉದ್ದಿಮೆಯಿಂದಲೇ. ಪಶ್ಚಿಮ ಆಸ್ಟ್ರೇಲಿಯದ ಬರ್ರಪ್ ಪರ್ಯಾಯದ್ವೀಪದಲ್ಲಿ ಪ್ಲೂಟೋ ಅನಿಲ ಯೋಜನೆ ನಡೆಯುತ್ತಿತ್ತು. ದೂರದ ಊರುಗಳಿಂದ ವಿಮಾನದಲ್ಲಿ ಬಂದು ಕ್ಯಾಂಪಿನಲ್ಲಿದ್ದು ದುಡಿದು ಹೋಗುವ ಕಾರ್ಮಿಕರು. 2010ರಲ್ಲಿ ಮಾಮೂಟ್ ಎಂಬ ಕ್ರೇನಿನ ಕಂಪನಿಯ ಕೆಲಸದವರು ವಿಧಿಪ್ರಕಾರ ಮುಷ್ಕರ ಹೂಡಿದರು. ಆಗ ಕಂಪನಿಯವರು, ನಿಮಗೆ ವಸತಿ ಕೊಟ್ಟರೆ ಅದೂ ಮುಷ್ಕರದ ದಿನದ ಪಾವತಿಯಾಗುತ್ತದೆ, ಕಾನೂನು ನಮ್ಮನ್ನು ಹಿಡಿಯುತ್ತದೆ, ಆದ್ದರಿಂದ ಕೋಣೆ ಇಲ್ಲ ಎಂದರು. ಕೆಳಗಿನ ನ್ಯಾಯಾಲಯಗಳು ಕಂಪನಿಯ ಮಾತನ್ನೇ ಒಪ್ಪಿದವು. 2013ರ ಆಗಸ್ಟ್‌ನಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಾಲಯ ಇದನ್ನು ತಿರುವಿಹಾಕಿತು. ಪಾವತಿ ಎಂದರೆ ಹಣದ ಪಾವತಿ; ಮಲಗಲು ಜಾಗ ಕೊಡುವುದು ಪಾವತಿಯಲ್ಲ ಎಂದಿತು. ಸಂಬಳ ಮುರಿಯುವ ಕಲಮು ಮನುಷ್ಯನ ಹಾಸಿಗೆಯವರೆಗೆ ಕೈಚಾಚಿತ್ತು. ಅಲ್ಲಿಂದ ಅದನ್ನು ಹಿಂದಕ್ಕೆಳೆಯಲು ಮೂರು ವರ್ಷ ಹಿಡಿಯಿತು. ಕ್ಯಾಂಪಿನ ಬದುಕು ಬಲ್ಲ ಓದುಗರಿಗೆ ಇದರ ತೂಕ ವಿವರಿಸಬೇಕಾಗಿಲ್ಲ. ಮರುಭೂಮಿಯ ಅಂಚಿನಲ್ಲಿ ಕೋಣೆಯ ಬೀಗದ ಕೈ ಸಂಬಳದ ಚೀಟಿಗಿಂತ ದೊಡ್ಡದು.

ನಾವಿರುವ ನೆಲದಲ್ಲಿ

ಕತಾರಿನಲ್ಲಿ 2004ರ 14ನೆಯ ಕಾಯಿದೆಯು ಮುಷ್ಕರವನ್ನು ಬಿಗಿಯಾದ ಷರತ್ತುಗಳ ಮೇಲೆ ಒಪ್ಪಿದೆ. ಮೊದಲು ರಾಜಿ ಪ್ರಯತ್ನ ಮುಗಿಯಬೇಕು, ಕಾರ್ಮಿಕ ಸಮಿತಿಯ ಮುಕ್ಕಾಲು ಮಂದಿ ಒಪ್ಪಬೇಕು, ಎರಡು ವಾರದ ಸೂಚನೆ ಕೊಡಬೇಕು. ತೈಲ, ಅನಿಲ, ವಿದ್ಯುತ್ತು, ನೀರು, ಬಂದರು, ವಿಮಾನ ನಿಲ್ದಾಣ, ಸಾರಿಗೆ, ಆಸ್ಪತ್ರೆಗಳಲ್ಲಿ ಮುಷ್ಕರ ಸಲ್ಲದು. ಆ ಸಮಿತಿಗಳ ಸದಸ್ಯತ್ವ ಕತಾರಿ ಪ್ರಜೆಗಳಿಗೆ ಮಾತ್ರ. ಹೀಗಾಗಿ ಮುಷ್ಕರದ ದಿನದ ಸಂಬಳದ ಪ್ರಶ್ನೆ ನಮ್ಮಂಥವರಿಗೆ ಏಳುವುದೇ ಇಲ್ಲ. ಇಲ್ಲಿ ಕಾನೂನಿನ ಬೆತ್ತ ತಿರುಗಿರುವುದು ಎದುರು ದಿಕ್ಕಿಗೆ. 2015ರ 1ನೆಯ ಕಾಯಿದೆಯಿಂದ ಬಂದ ವೇತನ ರಕ್ಷಣಾ ವ್ಯವಸ್ಥೆಯಂತೆ, ಸಲ್ಲಬೇಕಾದ ದಿನದಿಂದ ಏಳು ದಿನದೊಳಗೆ ಸಂಬಳ ಬ್ಯಾಂಕಿಗೆ ಬೀಳದಿದ್ದರೆ ಮಾಲೀಕನಿಗೆ ಶಿಕ್ಷೆ. ಆಸ್ಟ್ರೇಲಿಯದಲ್ಲಿ ಕೊಟ್ಟದ್ದಕ್ಕೆ ದಂಡ, ಇಲ್ಲಿ ಕೊಡದಿದ್ದದ್ದಕ್ಕೆ ದಂಡ. ಮುಂತಜಾದ ನಮ್ಮ ಬೀದಿಗಳಲ್ಲಿ ತಿಂಗಳ ಮೊದಲ ವಾರ ಊರಿಗೆ ಹಣ ಕಳಿಸುವವರ ಸಾಲಿನಲ್ಲಿ ನಿಂತವರಿಗೆ ಈ ಎರಡನೆಯ ದಂಡದ ಬೆಲೆ ಚೆನ್ನಾಗಿ ಗೊತ್ತು.

ಎರಡೂ ದಂಡಗಳನ್ನು ಎದುರುಬದುರು ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ದುಡಿದವನಿಗೆ ಕೊಡದಿದ್ದರೆ ಒಬ್ಬನಿಗೆ ಅನ್ಯಾಯವಾಗುತ್ತದೆ; ಅಲ್ಲಿ ದಂಡಕ್ಕೆ ಅರ್ಥವಿದೆ. ದುಡಿಯದ ದಿನಕ್ಕೆ ಕೊಡಬೇಕಾಗಿಲ್ಲ ಎಂಬುದೂ ನ್ಯಾಯವೇ. ಮುಷ್ಕರ ಹೂಡುವವನು ತನ್ನ ಕೈಯಿಂದಲೂ ಏನಾದರೂ ಕಳೆದುಕೊಳ್ಳಲು ಸಿದ್ಧನಿದ್ದಾಗಲೇ ಅವನ ಬೇಡಿಕೆಗೆ ತೂಕ. ಆದರೆ ಜಗಳವಾಡಿದ ಇಬ್ಬರೂ ಒಪ್ಪಿ ಹಂಚಿಕೊಳ್ಳುವ ನಷ್ಟವನ್ನು ಅಪರಾಧವೆನ್ನುವುದು ರಾಜಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಂತೆ. ನಾಲ್ಕು ಗಂಟೆಯ ನಿಯಮವನ್ನೇ ನೋಡಿ. ಇಪ್ಪತ್ತು ನಿಮಿಷ ಸಭೆ ಸೇರಿದವನಿಗೆ ಹೇಗೂ ನಾಲ್ಕು ಗಂಟೆ ಹೋಯಿತು. ಅವನು ಬೇಗ ಕೆಲಸಕ್ಕೆ ಮರಳಲು ಕಾರಣವೇ ಉಳಿಯಲಿಲ್ಲ. ಕೆಲಸ ನಿಲ್ಲಬಾರದೆಂದು ಮಾಡಿದ ಕಾನೂನೇ ಕೆಲಸವನ್ನು ಇನ್ನಷ್ಟು ಹೊತ್ತು ನಿಲ್ಲಿಸಿತು. ಬಫರನ್ನು ಹೊರಕ್ಕೆ ಚೆಲ್ಲಿದ ದ್ರಾವಣದಲ್ಲಿ ಒಂದು ತೊಟ್ಟು ಆಮ್ಲವೂ ಬಣ್ಣ ಕೆಡಿಸುತ್ತದೆ.

ನಮ್ಮ 1936ರ ಕಾಯಿದೆ ಬರೆದವರು ಕಾರ್ಮಿಕರ ಮೇಲೆ ಅಕ್ಕರೆಯಿಂದ "ಮುರಿಯಬಹುದು" ಎಂದು ಬರೆದರೆಂದು ನಾನು ಹೇಳಲಾರೆ. ಆದರೂ ಆ "ಬಹುದು" ಎಷ್ಟೋ ಕಾರ್ಖಾನೆಗಳ ಬಾಗಿಲು ಮತ್ತೆ ತೆರೆಸಿದೆ, ಎಷ್ಟೋ ಮನೆಗಳ ಒಲೆ ಹೊತ್ತಿಸಿದೆ. ಹೊಸ ಸಂಹಿತೆಗಳ ಅಡಿಯಲ್ಲಿ ನಿಯಮಗಳು ರೂಪುಗೊಳ್ಳುವ ಈ ಕಾಲದಲ್ಲಿ ಯಾರಾದರೂ ಆ ಪದವನ್ನು "ಲೇಬೇಕು" ಎಂದು ತಿದ್ದಹೊರಟರೆ, ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಆ ಎರಡು ಮೂರು ಅಕ್ಷರಗಳನ್ನು ಕಣ್ಣಿಟ್ಟು ಓದಲಿ.